ಪದಗಳ ಗುತ್ತಿಗೆದಾರ

ಮದುವೆಯ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಗೃಹಸ್ಥರು ಅಪರಿಚಿತರಾಗಿದ್ದರೆ, ಹುಳಿಯನ್ನ ಮುಗಿಯುವಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ತಾವು ಎಲ್ಲಿ ಕೆಲಸದಲ್ಲಿದ್ದೀರಿ?" ಇಲಾಖೆಯ ಹೆಸರನ್ನೋ ಬ್ಯಾಂಕಿನ ಹೆಸರನ್ನೋ ಹೇಳಬಲ್ಲವರಿಗೆ ಇದು ಪ್ರಶ್ನೆಯೇ ಅಲ್ಲ. ನನಗೆ ಮಾತ್ರ 2010ರಿಂದ ಈಚೆಗೆ ಇದೊಂದು ಸಣ್ಣ ಪರೀಕ್ಷೆಯಾಗಿಬಿಟ್ಟಿದೆ. "ಎಲ್ಲಿಯೂ ಇಲ್ಲ, ಮನೆಯಲ್ಲಿಯೇ ಕುಳಿತು ಅನುವಾದ ಮಾಡುತ್ತೇನೆ" ಎನ್ನುತ್ತೇನೆ. ಅವರು ಮರ್ಯಾದೆಗೆ ತಲೆದೂಗಿ, ಹೋಳಿಗೆ ಬಡಿಸುವವರೆಗೆ ಸುಮ್ಮನಿದ್ದು, ಅನಂತರ ಮೆಲ್ಲನೆ ಕೇಳುತ್ತಾರೆ: "ಅದು ಸರಿ. ಜೀವನಕ್ಕೆ ಏನು ಮಾಡಿಕೊಂಡಿದ್ದೀರಿ?"

ಪಂಕ್ತಿಯಲ್ಲಿ ಕುಳಿತು ಈ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ವ್ಯವಧಾನವಿರುವುದಿಲ್ಲ. ಆದುದರಿಂದ ಇಲ್ಲಿ ಅರಿಕೆ ಮಾಡುತ್ತಿದ್ದೇನೆ. ಪದಕ್ಕಿಷ್ಟು ಎಂದು ಕೂಲಿ ಪಡೆದು ಇಂಗ್ಲಿಷಿನ ಬರೆಹವನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ಕಾವ್ಯ ಕಾದಂಬರಿಗಳನ್ನು ಅನುವಾದಿಸುವ ಭಾಗ್ಯ ನನ್ನದಲ್ಲ. ಔಷಧದ ಪೆಟ್ಟಿಗೆಯೊಳಗೆ ಮಡಿಸಿಟ್ಟ ಚೀಟಿ, ವಿಮೆಯ ಷರತ್ತುಗಳು, ಪಂಪುಸೆಟ್ಟಿನ ಕೈಪಿಡಿ, ಗೊಬ್ಬರದ ಚೀಲದ ಮೇಲಿನ ಸೂಚನೆ, ಇಂಥವು ನನ್ನ ಕೃತಿಗಳು. ವಾಚಕರಲ್ಲಿ ಕೆಲವರು ನನ್ನ ಬರೆವಣಿಗೆಯನ್ನು ಓದಿರಲೂ ಬಹುದು. ಅದರ ಮೇಲೆ ನನ್ನ ಹೆಸರಿಲ್ಲದ ಕಾರಣ ನಾನು ಹೊಗಳಿಕೆಯಿಂದಲೂ ತೆಗಳಿಕೆಯಿಂದಲೂ ಪಾರಾಗಿದ್ದೇನೆ.

2010ರ ಆಷಾಢದಲ್ಲಿ, ನಾನು ಕೆಲಸಮಾಡುತ್ತಿದ್ದ ಖಾಸಗಿ ಸಂಸ್ಥೆಯವರು ತಮ್ಮ ಕನ್ನಡ ವಿಭಾಗವನ್ನು ಮುಚ್ಚಿದರು. ಹನ್ನೊಂದು ವರ್ಷ ಅಲ್ಲಿ ಕರಡು ತಿದ್ದಿದ್ದೆ, ಪ್ರಕಟಣೆಗಳನ್ನು ಕನ್ನಡಿಸಿದ್ದೆ. ಮೂರು ತಿಂಗಳ ಸಂಬಳ, ಒಂದು ಹೂಮಾಲೆ, ಒಂದು ಪ್ರಶಂಸಾಪತ್ರ ಕೊಟ್ಟು ಕಳುಹಿಸಿದರು. ಹೂಮಾಲೆ ಬಸ್ಸಿನಲ್ಲಿಯೇ ಬಾಡಿತು. ಸಂಬಳದ ಹಣ ದೀಪಾವಳಿಗೆ ಮುಗಿಯಿತು. ಪ್ರಶಂಸಾಪತ್ರವನ್ನು ಇದುವರೆಗೆ ಯಾರೂ ಕೇಳಿಲ್ಲ. ಆಗ ನನಗೆ ನಲವತ್ತೊಂದು ವರ್ಷ. ಮನೆಯಾಕೆ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ; ಮಗಳು ಏಳನೆಯ ತರಗತಿ. ಇನ್ನೊಬ್ಬರ ಕಚೇರಿಯ ಬಾಗಿಲಲ್ಲಿ ಮತ್ತೆ ಅರ್ಜಿ ಹಿಡಿದು ನಿಲ್ಲುವುದಕ್ಕಿಂತ ಸ್ವತಂತ್ರವಾಗಿ ಬದುಕುವುದೇ ಲೇಸೆಂದು ಮನೆಯಲ್ಲಿ ಗಂಭೀರವಾಗಿ ಘೋಷಿಸಿದೆ. "ಸ್ವತಂತ್ರವಾಗಿ ಎಂದರೆ ತಿಂಗಳಿಗೆ ಎಷ್ಟು?" ಎಂದು ಆಕೆ ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ.

ನಲವತ್ತು ಕಡೆಗೆ ಪತ್ರ ಬರೆದೆ. ಪ್ರಕಾಶಕರು, ಜಾಹೀರಾತು ಸಂಸ್ಥೆಗಳು, ಅನುವಾದದ ಕೆಲಸವನ್ನು ಒಟ್ಟಾಗಿ ಹಿಡಿದು ನನ್ನಂಥವರಿಗೆ ಹಂಚುವ ಬೆಂಗಳೂರು, ಪುಣೆ, ಹೈದರಾಬಾದುಗಳ ಏಜೆನ್ಸಿಗಳು, ಯಾರನ್ನೂ ಬಿಡಲಿಲ್ಲ. ಪತ್ರದ ಒಕ್ಕಣೆ ಎಲ್ಲರಿಗೂ ಒಂದೇ: ಸಾಹಿತ್ಯ, ವಿಜ್ಞಾನ, ಕಾನೂನು, ವಾಣಿಜ್ಯ, ಯಾವ ವಿಷಯವನ್ನಾದರೂ ಸಮರ್ಪಕವಾಗಿ ಅನುವಾದಿಸಬಲ್ಲೆನೆಂದು ಬರೆದಿದ್ದೆ. ಎರಡು ಉತ್ತರ ಬಂದವು, ಎರಡೂ "ಮುಂದೆ ಅಗತ್ಯ ಬಿದ್ದಾಗ" ಎಂಬ ಜಾತಿಯವು. ಎಲ್ಲವನ್ನೂ ಬಲ್ಲೆನೆನ್ನುವವನಿಗೆ ಯಾವುದನ್ನು ಕಳುಹಿಸಬೇಕೆಂಬುದು ಕಳುಹಿಸುವವರಿಗೆ ತೋಚುವುದಿಲ್ಲ; ಆಗ ಇದು ನನಗೆ ಹೊಳೆಯಲಿಲ್ಲ. ನನಗೆ ಮೊದಲ ಕೆಲಸ ದೊರೆತದ್ದು ಪತ್ರದಿಂದಲ್ಲ, ಹಳೆಯ ಸಹೋದ್ಯೋಗಿಯೊಬ್ಬರ ನೆನಪಿನಿಂದ. ಎಂದೋ ಒಮ್ಮೆ ಬೇಸಾಯದ ಕರಪತ್ರವೊಂದರಲ್ಲಿ 'ಎಕರೆಗೆ' ಎಂದಿರಬೇಕಾದಲ್ಲಿ 'ಹೆಕ್ಟೇರಿಗೆ' ಎಂದಿದ್ದುದನ್ನು ನಾನು ಹಿಡಿದಿದ್ದೆನಂತೆ. ಒಂದು ಹೆಕ್ಟೇರು ಸುಮಾರು ಎರಡೂವರೆ ಎಕರೆ. ಆ ತಪ್ಪು ಅಚ್ಚಾಗಿದ್ದರೆ ರೈತ ಬೇಕಾದುದರ ಅರ್ಧಕ್ಕೂ ಕಡಮೆ ಗೊಬ್ಬರ ಹಾಕುತ್ತಿದ್ದ. ಅವರು ಬೇರೊಂದು ಸಂಸ್ಥೆಗೆ ಹೋದ ಮೇಲೆ ಅಲ್ಲಿ ಬೇಸಾಯದ ಪುಸ್ತಿಕೆಯ ಕೆಲಸ ಬಂದಾಗ, ಅದೇ ನೆನಪಾಗಿ ದೂರವಾಣಿ ಮಾಡಿದರು.

ಅದರಿಂದ ಬುದ್ಧಿ ಕಲಿತು ಎರಡನೆಯ ಸಲ ಒಂಬತ್ತೇ ಪತ್ರ ಬರೆದೆ. ಬೇಸಾಯ, ಆರೋಗ್ಯ ಈ ಎರಡೇ ವಿಷಯಗಳೆಂದು ಹೇಳಿಕೊಂಡು, ಎಡಕ್ಕೆ ಇಂಗ್ಲಿಷು ಬಲಕ್ಕೆ ಕನ್ನಡ ಇರುವ ಒಂದು ಪುಟದ ಮಾದರಿಯನ್ನು ಜೊತೆಗಿಟ್ಟೆ. ನಾಲ್ಕು ಕಡೆಯಿಂದ ಪರೀಕ್ಷೆಗೆ ತುಣುಕು ಬಂದಿತು. ಮುನ್ನೂರು ಪದಗಳ ಪರೀಕ್ಷೆಯನ್ನು ಹಣವಿಲ್ಲದೆ ಮಾಡಿಕೊಡುವುದು ಈ ಕಸುಬಿನ ರೂಢಿ, ನ್ಯಾಯವೂ ಹೌದು. ಆದರೆ ನಾಲ್ವರಲ್ಲಿ ಒಬ್ಬ ಮಹಾಶಯರು ಮೂರು ಸಾವಿರ ಪದಗಳ ಪರೀಕ್ಷೆ ಕಳುಹಿಸಿದರು. ಅದನ್ನೂ ಶ್ರದ್ಧೆಯಿಂದ ಮಾಡಿ ಒಪ್ಪಿಸಿದೆ. ಅದೇ ದಸ್ತಾವೇಜಿನ ಮುಂದಿನ ಮೂರು ಸಾವಿರ ಪದ ನನ್ನ ಸ್ನೇಹಿತರೊಬ್ಬರಿಗೆ ಪರೀಕ್ಷೆಯಾಗಿ ಹೋಗಿತ್ತೆಂದು ಆಮೇಲೆ ತಿಳಿಯಿತು. ಹೀಗೆ ಅಭ್ಯರ್ಥಿಗಳ ತಲೆಗಿಷ್ಟು ಹಂಚಿ ಇಡೀ ಪುಸ್ತಕವನ್ನು ಪುಕ್ಕಟೆಯಾಗಿ ಕನ್ನಡಿಸಿಕೊಂಡ ಆ ಚಾತುರ್ಯವನ್ನು ನೆನೆದು ಈಗ ನಗುತ್ತೇನೆ. ಅಂದು ನಗು ಬರಲಿಲ್ಲ.

ಇನ್ನು ಕೂಲಿಯ ಲೆಕ್ಕ. ಮೊದಲ ಪುಸ್ತಿಕೆ ಇಂಗ್ಲಿಷಿನಲ್ಲಿ 12,000 ಪದಗಳಷ್ಟಿತ್ತು. ಪದಕ್ಕೆ ಎಪ್ಪತ್ತು ಪೈಸೆ ಎಂದರು, ಒಪ್ಪಿದೆ. 8,400 ರೂಪಾಯಿ ಬರುವುದೆಂದು ಮನೆಯಲ್ಲಿ ಹೇಳಿಯೂ ಇದ್ದೆ. ಬಂದದ್ದು 6,020. ಲೆಕ್ಕ ತಪ್ಪಿಲ್ಲವೆಂದು ಅವರು ಸಮಾಧಾನವಾಗಿ ತೋರಿಸಿಕೊಟ್ಟರು: ಅವರು ಎಣಿಸಿದ್ದು ಕನ್ನಡದ ಪದಗಳನ್ನು, ಅವು 8,600 ಮಾತ್ರ. ನಮ್ಮ ನುಡಿಯ ಜಾಯಮಾನವೇ ಹಾಗೆ. ವಿಭಕ್ತಿ, ಕಾಲ, ನಿಷೇಧ, ಎಲ್ಲವನ್ನೂ ಪದದ ಬಾಲಕ್ಕೆ ಅಂಟಿಸಿಕೊಂಡು ಹೋಗುತ್ತದೆ. 'ಮನೆಯೊಳಗಿನಿಂದ' ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನವನಿಗೆ ಅದನ್ನು ಹೇಳಲು ನಾಲ್ಕು ಬೇಕು. ನನ್ನ ಅನುಭವದಲ್ಲಿ ಅಲ್ಲಿಯ ಸಾವಿರ ಪದ ಇಲ್ಲಿ ಏಳುನೂರು, ಏಳುನೂರೈವತ್ತಕ್ಕೆ ಇಳಿಯುತ್ತದೆ. ಬರೆಹ ಬಿಗಿಯಾದಷ್ಟೂ ಪದ ಕಡಮೆ. ಎಂದರೆ, ನಾನು ಚೆನ್ನಾಗಿ ಬರೆದಷ್ಟೂ ನನ್ನ ಕೂಲಿ ಇಳಿಯುತ್ತದೆ. 'ಮಾಡಿದನು' ಎನ್ನುವ ಬದಲು 'ಮಾಡುವಂತಹ ಕೆಲಸವನ್ನು ಮಾಡಿದಂತಹವನಾದನು' ಎಂದು ಬರೆದರೆ ಏರುತ್ತದೆ! ಕೆಲವು ಕೈಪಿಡಿಗಳ ಕನ್ನಡವನ್ನು ಓದಿದಾಗ, ಬರೆದಾತ ಕನ್ನಡದ ಪದಲೆಕ್ಕಕ್ಕೆ ಒಪ್ಪಿಕೊಂಡವನೇ ಇರಬೇಕೆಂಬ ಅನುಮಾನ ನನಗೆ ಬರುವುದುಂಟು. ಅಂದಿನಿಂದ ಮೂಲದ ಪದಗಳನ್ನು ಎಣಿಸಿಯೇ ದರವೆಂದು ಮೊದಲ ಸಾಲಿನಲ್ಲಿ ಬರೆಯುತ್ತೇನೆ.

ಕೂಲಿ ಎಂಬ ಮಾತಿಗೆ ಕೆಲವು ಸಾಹಿತ್ಯಪ್ರಿಯರು ಮುಖ ಸಿಂಡರಿಸಿಯಾರು. ಅಂಥವರಿಗೆ ಗಳಗನಾಥರನ್ನು ನೆನಪಿಸುತ್ತೇನೆ. ಮರಾಠಿಯ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಆ ಮಹನೀಯರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಪುಸ್ತಕ ಬರೆದದ್ದಲ್ಲದೆ ಅದಕ್ಕೆ ಚಿತ್ರ ಬರೆಯುವುದನ್ನೂ ಪ್ರಕಟಿಸುವುದನ್ನೂ ತಲೆಯ ಮೇಲೆ ಹೊತ್ತರು. ಅನಕೃ ಲೇಖನಿಯನ್ನೇ ನೆಚ್ಚಿ ಸಂಸಾರ ನಡೆಸಿದರು. ಅವರ ಸಾಲಿನಲ್ಲಿ ನಿಲ್ಲುವ ಅರ್ಹತೆ ನನಗಿಲ್ಲ. ಆದರೆ ಅಕ್ಷರಕ್ಕೆ ಬೆಲೆ ಕೇಳುವುದು ಅಕ್ಷರಕ್ಕೆ ಅವಮಾನವೆಂದು ಅವರಲ್ಲಿ ಯಾರೂ ಭಾವಿಸಿದಂತೆ ಕಾಣುವುದಿಲ್ಲ.

ನಾನು ಭಾವಿಸಿದ್ದೆ. ಅದರ ಬೆಲೆ 86,400 ರೂಪಾಯಿ.

2012ರಲ್ಲಿ ಒಂದು ಸಂಸ್ಥೆಯವರು ಎಂಟು ಬೇಸಾಯದ ಕೈಪಿಡಿಗಳ ಕೆಲಸ ಕೊಟ್ಟರು. ಒಂದೊಂದೂ 12,000 ಪದ. ಪದಕ್ಕೆ ತೊಂಬತ್ತು ಪೈಸೆ. ಈ ಸಲ ಮೂಲದ ಲೆಕ್ಕವೇ. ನಾಲ್ಕು ತಿಂಗಳು ಹಗಲಿರುಳೆನ್ನದೆ ದುಡಿದು ಮುಗಿಸಿದೆ. ಬೇರೆ ಕಡೆಯಿಂದ ಬಂದ ಎರಡು ಸಣ್ಣ ಕೆಲಸಗಳನ್ನು ಒಲ್ಲೆನೆಂದು ಹಿಂದಿರುಗಿಸಿದ್ದೆ; ಅದು ಇನ್ನೊಂದು ತಪ್ಪು. ಕೈಪಿಡಿಗಳು ಬಹಳ ಚೆನ್ನಾಗಿವೆಯೆಂದು ಅಲ್ಲಿಯ ವ್ಯವಸ್ಥಾಪಕರು ಬಾಯಿತುಂಬ ಹೊಗಳಿದರು. ಹೊಗಳಿದವರನ್ನು ಹಣ ಕೇಳುವುದು ಹೇಗೆ? ಒಂದು ತಿಂಗಳಾಯಿತು, ಎರಡಾಯಿತು. ತಾವಾಗಿಯೇ ಕೊಡುವರೆಂದು ಕಾದೆ. ಮೂರನೆಯ ತಿಂಗಳು ಮನೆಯಾಕೆಯ ಎರಡೆಳೆಯ ಸರ ಬ್ಯಾಂಕಿನಲ್ಲಿ ಒತ್ತೆಗೆ ಹೋಯಿತು. ಮಗಳ ಶಾಲೆಯ ಶುಲ್ಕ ಕಟ್ಟಿ ಬಂದ ಸಂಜೆ ಧೈರ್ಯಮಾಡಿ ಒಂದು ಪತ್ರ ಬರೆದೆ. ಅದರಲ್ಲಿ ಮೊದಲ ಎಂಟು ಸಾಲು ಅವರ ಕುಶಲವನ್ನೂ ಮುಂದಿನ ಯೋಜನೆಗಳನ್ನೂ ವಿಚಾರಿಸಿ, ಕೊನೆಯ ಸಾಲಿನಲ್ಲಿ "ತಮಗೆ ಅನುಕೂಲವಾದಾಗ" ಎಂದು ಸೇರಿಸಿದೆ. ಅವರಿಗೆ ಅನುಕೂಲವಾಗಲಿಲ್ಲ. ಐದನೆಯ ತಿಂಗಳು ನಾನೇ ಅವರ ಕಚೇರಿಗೆ ಹೋದಾಗ ಬಾಗಿಲಿಗೆ ಬೀಗವಿದ್ದಿತು. ಕೆಳಗಿನ ಜೆರಾಕ್ಸ್ ಅಂಗಡಿಯವನು ತನಗೂ ಬಾಕಿಯಿದೆಯೆಂದು ಹೇಳಿ, ನನ್ನನ್ನು ಕೂರಿಸಿ ಕಾಫಿ ತರಿಸಿಕೊಟ್ಟ. ಆ ಹಣ ಇಂದಿನವರೆಗೂ ಬಂದಿಲ್ಲ. ಸರವನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ಮನೆಯಾಕೆ ಅದರ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿಯೇ ಒಬ್ಬ ಬಣ್ಣದ ಮೇಸ್ತ್ರಿ ಇದ್ದರು. ಈಗಲೂ ಇದ್ದಾರೆ. ಅರವತ್ತು ದಾಟಿದ, ಮಾತು ಕಡಮೆಯ ಮನುಷ್ಯ. ನನ್ನ ಕಥೆ ಬೀದಿಯಲ್ಲಿ ಹಬ್ಬಿತ್ತೆಂದು ತೋರುತ್ತದೆ, ಒಂದು ಬೆಳಗ್ಗೆ ಹಾಲಿನ ಅಂಗಡಿಯ ಮುಂದೆ ಅವರೇ ಕೇಳಿದರು: "ಮುಂಗಡ ಎಷ್ಟು ತಗೊಂಡಿದ್ರಿ ಸ್ವಾಮಿ?" ನಮ್ಮ ಕೆಲಸದಲ್ಲಿ ಮುಂಗಡ ಕೇಳುವ ಪದ್ಧತಿಯಿಲ್ಲವೆಂದು ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಗೋಡೆ ಅವರ್ದು, ಬಣ್ಣ ನಂದು. ಹೊಡೆದ್ಮೇಲೆ ಎರಡೂ ಅವರ್ದೇ. ಆಮೇಲೆ ನಾನು ಏನ್ ಹಿಡ್ಕೊಂಡು ದುಡ್ಡು ಕೇಳ್ಲಿ?"

ಅವರ ಕ್ರಮವನ್ನು ಆಮೇಲೆ ಗಮನಿಸಿ ನೋಡಿದೆ. ಯಾರ ಮನೆಗೆ ಹೋದರೂ ಮೊದಲು ಟೇಪು ಹಿಡಿದು ಅಳತೆ. ಅಳತೆಯನ್ನು ಅದೇ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆಯುವರು. ಮುಂದೆ ಇಬ್ಬರೂ ಅಲ್ಲಗಳೆಯುವಂತಿಲ್ಲ. ಎಷ್ಟು ಪದರ, ಬಿರುಕಿಗೆ ಪಟ್ಟಿ ಹಾಕುವುದು ಲೆಕ್ಕದಲ್ಲಿ ಸೇರಿದೆಯೋ ಇಲ್ಲವೋ, ಕಿಟಕಿಯ ಸರಳು ಯಾರ ಪಾಲು, ಎಲ್ಲವನ್ನೂ ಆಡಿ ಮುಗಿಸುವರು. ಮುಂಗಡ ಬಂದ ಮೇಲೆ ಸಾಮಾನು, ಅರ್ಧ ಮುಗಿದಾಗ ಎರಡನೆಯ ಕಂತು, ಕಡೆಯ ಪದರಕ್ಕೆ ಮುಂಚೆ ಮೂರನೆಯದು. ಮಾಲೀಕ ಮಂತ್ರಿಯಾಗಲಿ ಮಾವನಾಗಲಿ ಕ್ರಮ ಬದಲಾಗದು. ಇಷ್ಟಾಗಿಯೂ ಅವರನ್ನು ದುರಾಸೆಯವರೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ನಾನು ಹನ್ನೊಂದು ವರ್ಷ ಕಚೇರಿಯಲ್ಲಿ ಕಲಿಯದುದನ್ನು ಆ ಗೋಡೆಯ ಮೇಲಿನ ಪೆನ್ಸಿಲ್ ಲೆಕ್ಕದಿಂದ ಕಲಿತೆ. ದೊಡ್ಡ ಕೆಲಸಗಳನ್ನು ಈಗ ಭಾಗಗಳಾಗಿ ಒಪ್ಪಿಸುತ್ತೇನೆ. ಹಿಂದಿನ ಭಾಗದ ಹಣ ಬಂದ ಮೇಲೆ ಮುಂದಿನ ಭಾಗ ಹೋಗುತ್ತದೆ. ತಿದ್ದುಪಡಿ ಎಷ್ಟು ಸಲ ಮಾಡಿಕೊಡುವೆನೆಂಬುದನ್ನೂ ಮೊದಲೇ ಬರೆದಿರುತ್ತೇನೆ. ಒಬ್ಬರಿಂದಲೇ ವರ್ಷದ ಆದಾಯದ ಅರ್ಧಕ್ಕಿಂತ ಹೆಚ್ಚು ಬರುವಂತಾದರೆ ಹೊಸಬರನ್ನು ಹುಡುಕಲು ಹೊರಡುತ್ತೇನೆ.

ಕಾನೂನು ನನ್ನ ಬೆನ್ನಿಗಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಆದ ಕಾಯಿದೆಯ ಪ್ರಕಾರ, ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿದ್ದರೂ, ಕೆಲಸ ಒಪ್ಪಿಕೊಂಡ 45 ದಿನಗಳೊಳಗೆ ಸಲ್ಲಿಸತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕು ದರದ ಮೂರರಷ್ಟು ಚಕ್ರಬಡ್ಡಿ. ಒಬ್ಬನೇ ಕುಳಿತು ಸೇವೆ ಒದಗಿಸುವ ನನ್ನಂಥವನೂ ಅದರ ವ್ಯಾಪ್ತಿಗೆ ಬರಬಹುದು. 2020ರ ಜುಲೈಯಿಂದ 'ಉದ್ಯಮ್' ಎಂಬ ಹೆಸರಿನಲ್ಲಿ ನಡೆಯುತ್ತಿರುವ ನೋಂದಣಿಗೆ ಶುಲ್ಕವೂ ಇಲ್ಲ. ಆದರೆ ಕೆಲಸ ಹಿಡಿಯುವ ಮೊದಲೇ ನೋಂದಾಯಿಸಿಕೊಂಡಿರಬೇಕು. ಹಣ ಮುಳುಗಿದ ಮೇಲೆ ಓಡಿದರೆ ಹಾದಿ ದುರ್ಗಮ. ಈಗ ನನ್ನ ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆಯೂ 45 ದಿನದ ಸಾಲೂ ಅಚ್ಚಾಗಿರುತ್ತವೆ. ಇದುವರೆಗೆ ದೂರು ಕೊಡುವ ಪ್ರಸಂಗ ಬಂದಿಲ್ಲ. ಆ ಸಾಲನ್ನು ಕಂಡ ಲೆಕ್ಕಪತ್ರದವರು ಕಡತವನ್ನು ಮೇಲಕ್ಕೆ ಇಡುತ್ತಾರೆಂದು ನನ್ನ ಊಹೆ.

ತೆರಿಗೆಯ ವಿಷಯದಲ್ಲಿ ಹೆಚ್ಚು ಹೇಳಿ ವಾಚಕರನ್ನು ದಣಿಸುವುದಿಲ್ಲ. ವೃತ್ತಿಯ ಶುಲ್ಕ ನಿಗದಿತ ಮಿತಿಯನ್ನು ಮೀರಿದರೆ ಕೊಡುವವರು ನೂರಕ್ಕೆ ಹತ್ತನ್ನು ಮೊದಲೇ ಮುರಿದುಕೊಂಡು ಸರಕಾರಕ್ಕೆ ಕಟ್ಟುತ್ತಾರೆ. ಮೊದಲ ಮೂರು ವರ್ಷ ಆ ಹಣ ಹೋಯಿತೆಂದೇ ತಿಳಿದಿದ್ದೆ. ಅದು ನನ್ನ ಹೆಸರಿನಲ್ಲಿಯೇ ಜಮೆಯಾಗಿರುತ್ತದೆ, ಲೆಕ್ಕ ಸಲ್ಲಿಸಿದರೆ ಹೆಚ್ಚಿನದು ಹಿಂದಿರುಗುತ್ತದೆ ಎಂದು ತಿಳಿಸಿದವಳು ಮನೆಯಾಕೆ. ಅಂದಿನಿಂದ ಬಿಲ್ಲುಗಳ ಕಡತ ಆಕೆಯ ವಶದಲ್ಲಿದೆ.

ಹಣ ಕೇಳುವ ಸಂಕೋಚ ಹೀಗೆ ಕಡಮೆಯಾಯಿತು. ಆದರೆ ಅದಕ್ಕಿಂತ ಅಪಾಯದ ಇನ್ನೊಂದು ಸಂಕೋಚವಿದೆ. ಅದನ್ನು ಹೇಳಬೇಕಾದರೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಹೊಸ ಔಷಧಗಳನ್ನು ಮನುಷ್ಯರ ಮೇಲೆ ಪ್ರಯೋಗಿಸುವಾಗ, ಭಾಗವಹಿಸುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕೆಂಬುದು ನಮ್ಮ ದೇಶದ ನಿಯಮ. ಈ ಒಪ್ಪಿಗೆ ಪತ್ರಗಳ ಅನುವಾದ ನನ್ನ ಕಸುಬಿನಲ್ಲಿ ಅತ್ಯಂತ ಹೊಣೆಯ ಕೆಲಸ. ಕಂಪ್ಯೂಟರು ಯದ್ವಾತದ್ವಾ ಆರಿಸಿ ಕೆಲವರಿಗೆ ನಿಜವಾದ ಔಷಧವನ್ನೂ ಕೆಲವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡುತ್ತದೆಯೆಂಬುದನ್ನು, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಕೂಲಿಕಾರ ಹೆಂಗಸಿಗೆ ಅರ್ಥವಾಗುವಂತೆ ಬರೆಯಬೇಕು. 'ಯಾದೃಚ್ಛಿಕ ಹಂಚಿಕೆ' ಎಂದರೆ ಆಕೆಗೆ ಏನು ತಿಳಿದೀತು? 'ಚೀಟಿ ಎತ್ತಿದಂತೆ' ಎಂದು ಬರೆದೆ, ಒಪ್ಪಿದರು. ಈ ಪತ್ರಗಳಿಗೆ ಇನ್ನೊಂದು ಕಾವಲುಂಟು. ನನ್ನ ಕನ್ನಡವನ್ನು, ಮೂಲವನ್ನು ಕಾಣದ ಮತ್ತೊಬ್ಬ ಅನುವಾದಕರು ಮರಳಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷುಗಳನ್ನು ಪಕ್ಕಪಕ್ಕಕ್ಕಿಟ್ಟು ತಾಳೆ ನೋಡುತ್ತಾರೆ.

2015ರಲ್ಲಿ ಅಂಥದೊಂದು ಪತ್ರದಲ್ಲಿ ಗುಳಿಗೆಯನ್ನು 'ಬೈವೀಕ್ಲಿ' ನುಂಗಬೇಕೆಂದಿದ್ದಿತು. ಈ ಹಾಳು ಪದಕ್ಕೆ ಇಂಗ್ಲಿಷಿನಲ್ಲಿ ಎರಡೂ ಅರ್ಥವಿದೆ: ವಾರಕ್ಕೆ ಎರಡು ಸಲ, ಎರಡು ವಾರಕ್ಕೆ ಒಂದು ಸಲ. ನನಗೆ ಸಂದೇಹ ಬಂದಿತು. ಬರೆದು ಕೇಳಿದ್ದರೆ ಒಂದು ಗಂಟೆಯಲ್ಲಿ ಉತ್ತರ ಬರುತ್ತಿತ್ತು. ಕೇಳಲಿಲ್ಲ. ಹೊಸದಾಗಿ ದೊರೆತ ಒಳ್ಳೆಯ ಗಿರಾಕಿ. ಇಷ್ಟು ಸಣ್ಣ ಪದ ತಿಳಿಯದವನೆಂದು ತಿಳಿದಾರೆಂಬ ಅಂಜಿಕೆ. 'ಎರಡು ವಾರಕ್ಕೊಮ್ಮೆ' ಎಂದು ಬರೆದು ಕಳುಹಿಸಿದೆ. ಬೇಕಾಗಿದ್ದದ್ದು ವಾರಕ್ಕೆ ಎರಡು ಸಲ. ಮರಳಿ ತಿರುಗಿಸಿದವರ ಇಂಗ್ಲಿಷಿನಲ್ಲಿ ಅದು ಸಿಕ್ಕಿಬಿದ್ದಿತು, ಪುಣ್ಯಕ್ಕೆ. ಮುಖವರಿಯದ ಆ ಅನುವಾದಕರು ಎಲ್ಲಿಯೇ ಇರಲಿ, ಚೆನ್ನಾಗಿರಲಿ. ಎರಡು ವಾರದಲ್ಲಿ ನಾಲ್ಕು ಗುಳಿಗೆ ನುಂಗಬೇಕಾದ ರೋಗಿ ಒಂದನ್ನು ನುಂಗಿ ಕಾಯುತ್ತಿರುವುದನ್ನು ಊಹಿಸಿಕೊಂಡು ಆ ರಾತ್ರಿ ನಾನು ಮಲಗಲಿಲ್ಲ.

ಬೆಳಗ್ಗೆ ಎದ್ದು, ತಪ್ಪು ನನ್ನದೇ, ಸಂದೇಹ ಬಂದಿದ್ದರೂ ಕೇಳಲಿಲ್ಲವೆಂದು ಬರೆದು, ಇಡೀ ಪತ್ರವನ್ನು ಮತ್ತೆ ಮೊದಲಿನಿಂದ ನೋಡಿ ತಿದ್ದಿ ಕಳುಹಿಸಿದೆ, ಹಣ ಬೇಡವೆಂದೆ. ಇನ್ನು ಇವರಿಂದ ಕೆಲಸ ಬಾರದೆಂದು ನಿಶ್ಚಯಿಸಿಕೊಂಡಿದ್ದೆ. ಮೂರು ವಾರದ ಮೇಲೆ ಬಂದಿತು. ಆ ಸಲ ಅನುವಾದದ ಜೊತೆಗೆ ಹನ್ನೆರಡು ಪ್ರಶ್ನೆಗಳ ಪಟ್ಟಿಯನ್ನೂ ಕಳುಹಿಸಿದೆ. ಅವುಗಳಲ್ಲಿ ಎರಡು, ಮೂಲದ ಇಂಗ್ಲಿಷಿನಲ್ಲಿಯೇ ಇದ್ದ ತಪ್ಪುಗಳನ್ನು ಎತ್ತಿ ತೋರಿಸಿದವು. ಇಂದಿಗೂ ಅವರು ನನ್ನ ಗಿರಾಕಿಗಳು, ಪ್ರಶ್ನೆಗಳ ಪಟ್ಟಿಯಿಲ್ಲದೆ ಹೋದರೆ, "ಈ ಸಲ ನೀವೇ ಮಾಡಿದಿರೋ?" ಎಂದು ವಿಚಾರಿಸುತ್ತಾರೆ.

ಹಾಗೆ ವಿಚಾರಿಸುವುದಕ್ಕೆ ಈಗ ಕಾರಣವೂ ಇದೆ. 2011ರ ಜೂನಿನಲ್ಲಿ ಗೂಗಲ್ಲಿನ ಅನುವಾದಯಂತ್ರಕ್ಕೆ ಕನ್ನಡ ಸೇರಿದಾಗ ಅದರ ಕನ್ನಡವನ್ನು ಓದಿ ಸ್ನೇಹಿತರೆಲ್ಲ ಸೇರಿ ನಕ್ಕಿದ್ದೆವು. ಈಗ ಆ ನಗು ಉಳಿದಿಲ್ಲ. ಯಂತ್ರಗಳು ಬಹಳ ಸುಧಾರಿಸಿವೆ. ಸಾಮಾನ್ಯ ಸುತ್ತೋಲೆಯೊಂದನ್ನು ಕ್ಷಣದಲ್ಲಿ ಓದುವಂತೆ ಕನ್ನಡಿಸಿಬಿಡುತ್ತವೆ. ಏಜೆನ್ಸಿಗಳು ಯಂತ್ರದ ಬರೆಹವನ್ನೇ ಕಳುಹಿಸಿ, ಸುಮ್ಮನೆ ತಿದ್ದಿಕೊಡಿ, ಅರ್ಧ ದರ ಎನ್ನುತ್ತವೆ. ಕೆಲವು ಬರೆಹಗಳಿಗೆ ಅರ್ಧ ದರ ನ್ಯಾಯವೇ. ಆದರೆ ಮೊದಲ ಪುಟದಲ್ಲಿ 'ನೀವು' ಎಂದು ಗೌರವಿಸಿದ ರೋಗಿಯನ್ನು ಮೂರನೆಯ ಪುಟದಲ್ಲಿ 'ನೀನು' ಎಂದು ಗದರಿಸುವ ಬರೆಹವನ್ನು, ಸರಾಗವಾದ ವಾಕ್ಯದ ಮರೆಯಲ್ಲಿ ಒಂದು 'ಅಲ್ಲ'ವನ್ನು ನುಂಗಿಕೊಂಡ ಬರೆಹವನ್ನು ತಿದ್ದುವುದಕ್ಕೆ, ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಆದುದರಿಂದ ಮುನ್ನೂರು ಪದವನ್ನು ತರಿಸಿ ನೋಡದೆ ನಾನು ದರ ಹೇಳುವುದಿಲ್ಲ. ಅಂಥ ಕೆಲಸಕ್ಕೆ ಪದದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕುತ್ತೇನೆ. ಮೇಸ್ತ್ರಿಗಳು ಹಳೆಯ ಗೋಡೆಯನ್ನು ಉಗುರಿನಿಂದ ಕೆರೆದು ನೋಡುವಂತೆ. ಕೆಲವರು ಒಪ್ಪುತ್ತಾರೆ; ಕೆಲವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಕಳೆದ ಎರಡು ವರ್ಷ ಕೈಪಿಡಿಗಳ ಕೆಲಸ ಇಳಿದಿದೆ, ಒಪ್ಪಿಗೆ ಪತ್ರಗಳ ಕೆಲಸ ಏರಿದೆ. ಮುಂದಿನ ಐದು ವರ್ಷ ಏನಾದೀತೆಂದು ಮನೆಯಾಕೆ ಕೇಳಿದರೆ, ಮೊದಲ ದಿನದಂತೆಯೇ ಈಗಲೂ ನನ್ನಲ್ಲಿ ಉತ್ತರವಿಲ್ಲ. ಮಗಳ ಓದು ಮುಗಿದಿದೆ, ಸರ ಮನೆಯಲ್ಲಿದೆ, ಅಷ್ಟು ಧೈರ್ಯ.

ಈಚೆಗೆ ಮಗಳ ಮದುವೆ ನಿಶ್ಚಯವಾಗಿ ಮನೆಗೆ ಬಣ್ಣ ಹೊಡೆಸಬೇಕಾಯಿತು. ಅದೇ ಮೇಸ್ತ್ರಿಗಳನ್ನು ಕರೆದೆ. ಕಾಫಿ ಕುಡಿದು, ಟೇಪು ಹಿಡಿದು, ನಡುಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಬರೆದರು. ಬರೆದ ಮೊತ್ತದ ಕೆಳಗೆ ಒಂದು ಗೆರೆ ಎಳೆದು, ಅದರ ಮೂರನೆಯ ಒಂದು ಪಾಲನ್ನು ಬೇರೆಯಾಗಿ ಬರೆದು ನನ್ನ ಕಡೆ ನೋಡಿದರು.

"ಇಷ್ಟು ವರ್ಷದ ಪರಿಚಯ ಮೇಸ್ತ್ರಿಗಳೇ. ನನ್ನ ಹತ್ತಿರವೂ ಮುಂಗಡವೇ?" ಎಂದೆ.

"ಮಗೂ ಮದುವೆ ಸ್ವಾಮಿ, ಚೆನ್ನಾಗ್ ಮಾಡ್ಕೊಡ್ತೀನಿ" ಎಂದು ನಕ್ಕರು. ಚಾಚಿದ ಕೈ ಹಾಗೆಯೇ ಇದ್ದಿತು. ಒಳಗೆ ಹೋಗಿ ಮನೆಯಾಕೆಯಿಂದ ಹಣ ಎಣಿಸಿಕೊಂಡು ಬಂದೆ.